ಕೌಂಟರಿನ ಕೆಳಗಿದ್ದ ಕ್ರೇಟು

ಮಾರ್ಚ್ ೧೨, ಗುರುವಾರ

ಮ್ಯಾನೇಜರ್ ಹುಡುಕಲೇ ಇಲ್ಲ. ಇದೇ ತಲೆ ತಿನ್ನುತ್ತಿದೆ. ನಾನು ನಿಂತು ಬಿಲ್ ಹಾಕುತ್ತಿದ್ದೆ. ನೇರವಾಗಿ ಬಂದವನು ಬಗ್ಗಿ, ಕ್ಯಾರಿಬ್ಯಾಗುಗಳ ಕಟ್ಟಿನ ಹಿಂದೆ ಕೈ ಹಾಕಿ, ಹಾಲಿನ ಕ್ರೇಟನ್ನು ಹೊರಗೆಳೆದ.

ನಮ್ಮ ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವವರು ಕೂರುವಂತಿಲ್ಲ. ನಾನೂ, ಪಕ್ಕದ ಕೌಂಟರಿನಲ್ಲಿರುವ, ನಾನು ಗಿಳಿ ಎಂದು ಕರೆಯುವ ಗೆಳತಿಯೂ ಸರದಿಯಂತೆ ಆ ಕ್ರೇಟಿನ ಮೇಲೆ ಒಂದು ಗಳಿಗೆ ಕೂರುತ್ತಿದ್ದೆವು. ಮ್ಯಾನೇಜರ್ ಕಂಡರೆ ಇನ್ನೊಬ್ಬಳು "ಪೇಪರ್ ರೋಲ್ ಇದೆಯೇನೇ?" ಎಂದು ಕೂಗಬೇಕು. ನಮ್ಮಿಬ್ಬರನ್ನು ಬಿಟ್ಟು ಇದು ಯಾರಿಗೂ ಗೊತ್ತಿರಲಿಲ್ಲ.

ಇವತ್ತು ಗಿಳಿ ಕೂಗಲಿಲ್ಲ.

ಮ್ಯಾನೇಜರ್ "ಇದ್ರ ಮೇಲೆ ಕೂರ್ತೀಯಾ?" ಎಂದದ್ದೇ ಸಾಲಿನಲ್ಲಿದ್ದ ಕನ್ನಡಕದವನಿಗೆ ಸಾಕಾಯಿತು. "ಓಹೋ, ಕೂತ್ಕೊಂಡು ಕೆಲ್ಸ! ಅದಕ್ಕೇ ಕ್ಯೂ ಮುಂದೆ ಹೋಗಲ್ಲ. ಇವ್ರಿಗೆ ಸಂಬಳ ಬೇರೆ ಜಾಸ್ತಿ ಮಾಡ್ಬೇಕಂತೆ!"

ಅವನ ಹಿಂದಿದ್ದ ಹೆಂಗಸು, "ನೀವೊಂದಿನ ಇಲ್ಲಿ ನಿಂತು ನೋಡ್ರೀ, ಗೊತ್ತಾಗುತ್ತೆ" ಎಂದಳು.

ಆಮೇಲೆ ಅವರಿಬ್ಬರ ಜಗಳ ನನ್ನ ಕಿವಿಗೆ ಬೀಳಲೇ ಇಲ್ಲ. ನಾನು ಗಿಳಿಯ ಮುಖ ನೋಡುತ್ತಿದ್ದೆ. ಅವಳು ತಲೆ ಎತ್ತದೆ ಬಿಲ್ ಹಾಕುತ್ತಲೇ ಇದ್ದಳು.

ಸಂಜೆ ಗೊತ್ತಾಯಿತು, ನಾಳೆಯಿಂದ ಅವಳು ಸೂಪರ್‌ವೈಸರ್. ಬಟ್ಟೆ ಬದಲಿಸುವ ಕೋಣೆಯಲ್ಲಿ ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡ ಕಣೇ. ನಾನು ಹೇಳ್ದಿದ್ರೆ ಇನ್ಯಾರೋ ಹೇಳ್ತಿದ್ರು" ಎಂದಳು. ಭುಜ ಬೇರೆ ತಟ್ಟಿದಳು. ನಾನು ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟೆ.

ಕ್ರೇಟು ಯಾರಿಗೋಸ್ಕರ ಬಂತು ಎಂದು ಆಗಲೇ ಕೇಳಬೇಕಿತ್ತು. ಆ ಕ್ರೇಟನ್ನು ಗೋದಾಮಿನಿಂದ ಕದ್ದು ತಂದವಳು ನಾನು. ನನಗೋಸ್ಕರ ಅಲ್ಲ. ಆಗ ಅವಳು ಏಳು ತಿಂಗಳ ಬಸುರಿ, ಕಾಲು ಊದಿಕೊಂಡು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ, ಅದಕ್ಕೇ ನಾನು...