ಕಿಂಡಿ ಮುಚ್ಚಿದ ಕೋಣೆ

ವಯೋಮಿಂಗ್
೧೧ ಫೆಬ್ರವರಿ ೧೯೭೯

ಪ್ರೀತಿಯ ತಂಗಿ ಸಿಗ್ನೆಗೆ,

ನಿನ್ನ ಎರಡು ಕಾಗದಗಳೂ ಬಂದು ಬಹಳ ದಿನವಾಯಿತು. ಅಕ್ಕನಿಗೆ ಸೊಕ್ಕು ಬಂತು ಅಂದುಕೊಂಡಿರುತ್ತೀಯ. ಹಾಗಲ್ಲ ಕಣೆ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಕೈ ನಿಂತುಬಿಡುತ್ತಿತ್ತು. ಮಗುವಿನ ಕೆಮ್ಮು ಹೇಗಿದೆ? ನೀನು ಹೆಣೆದು ಕಳಿಸಿದ ಕೈಗವಸು ಬೆಟ್ಟದ ಮೇಲೆ ನನ್ನ ಬೆರಳುಗಳನ್ನು ಉಳಿಸಿದೆ.

ನಮ್ಮ ವೀಕ್ಷಣಾಲಯದಲ್ಲಿ ಒಂದು ಅವಘಡವಾಯಿತು. ಅದನ್ನು ನೀನು ನನ್ನಿಂದಲೇ ಕೇಳಬೇಕು.

ಡೇಲ್ ಪ್ರೂಯಿಟ್ ನೆನಪಿರಬೇಕಲ್ಲ? ಹೋದ ಬೇಸಿಗೆಯಲ್ಲಿ ನನ್ನ ಜತೆ ನಿಮ್ಮಲ್ಲಿಗೆ ಬಂದು, ನಿನ್ನ ಗಂಡನೊಂದಿಗೆ ಮೀನು ಹಿಡಿಯಲು ಹೋಗಿ, ಕೆರೆಗೇ ಬಿದ್ದು ಬಂದ ಆ ಉದ್ದನೆಯ ಮನುಷ್ಯ. ನಾಲ್ಕೈದು ವರ್ಷದಿಂದ ನಾವಿಬ್ಬರೂ ಒಂದೇ ಗ್ಯಾಲಕ್ಸಿಯ ಬೆನ್ನು ಹತ್ತಿದ್ದೇವೆ. ಅದರ ನಡುಭಾಗವನ್ನು ಧೂಳು ಮುಚ್ಚಿದೆ. ಕಣ್ಣಿಗೆ ಕಾಣುವ ಬೆಳಕು ಹೊರಗೆ ಬರುವುದಿಲ್ಲ, ಶಾಖದಂಥ ಅವಗೆಂಪು ಕಿರಣ ಮಾತ್ರ ನುಸುಳಿ ಬರುತ್ತದೆ. ಅದನ್ನು ಹಿಡಿಯುವ ಉಪಕರಣ ಅತಿ ತಣ್ಣಗಿರಬೇಕು, ಇಲ್ಲವಾದರೆ ತನ್ನ ಬಿಸಿಗೇ ತಾನು ಕುರುಡಾಗುತ್ತದೆ. ಅದಕ್ಕೆಂದೇ ದ್ರವ ಸಾರಜನಕ ಸುರಿಯುತ್ತೇವೆ. ದೂರದರ್ಶಕದ ಕೆಳಗಿನ ಚಿಕ್ಕ ಕೋಣೆಯಲ್ಲಿ ಅದರ ಪೀಪಾಯಿಗಳಿವೆ. ಆವಿಯಾದರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡುವ ಗಾಳಿಯನ್ನು ಸದ್ದಿಲ್ಲದೆ ಹೊರದೂಡುತ್ತದೆ.

ಡಿಸೆಂಬರಿನಲ್ಲಿ ಕೋಣೆಯ ಕಿಂಡಿಯಿಂದ ಹಿಮ ನುಗ್ಗಿತೆಂದು ನಮ್ಮ ಮುಖ್ಯಸ್ಥ ಹ್ಯಾಸ್ಕೆಲ್ ಅದಕ್ಕೆ ಹಲಗೆ ಬಡಿಸಿದರು. ಬೇಡವೆಂದೆ. "ಯಂತ್ರಕ್ಕೆ ನೀರಿಳಿದ್ರೆ ನೀನು ಕಟ್ಟಿಕೊಡ್ತೀಯೇನಮ್ಮ, ಥೋರಾ? ಬಾಗಿಲು ತೆಗೆದಿಟ್ಕೊಂಡ್ರಾಯ್ತು," ಅಂದರು. ಬೆಟ್ಟದ ತುದಿಯ ಆ ಗಾಳಿಗೆ ಯಾವ ಬಾಗಿಲು ತೆರೆದು ನಿಲ್ಲುತ್ತದೆ, ಹೇಳು?

ಆಮೇಲೆ ಸಣ್ಣ ಸಣ್ಣದು ಶುರುವಾಯಿತು. ನನಗೆ ಬಿಡದ ತಲೆನೋವು. ಡೇಲ್ ಅಂಕಿಗಳನ್ನು ಹಿಂದುಮುಂದಾಗಿ ಬರೆಯತೊಡಗಿದ. ಒಂದು ದಿನ ಕೋಣೆಯಲ್ಲಿ ಅವನ ಲೈಟರ್ ಹೊತ್ತಲೇ ಇಲ್ಲ. ಹೊಸ್ತಿಲಾಚೆ ಬಂದು ಒತ್ತಿದರೆ ಭಗ್ಗೆಂದಿತು. "ನೋಡೇ, ಇದಕ್ಕೂ ಹ್ಯಾಸ್ಕೆಲ್ ಕಂಡ್ರೆ ಭಯ!" ಎಂದು ನಕ್ಕ. ಬೆಂಕಿಗೆ ಸಾಲದ ಗಾಳಿ ಉಸಿರಿಗೂ ಸಾಲದು ಎಂದೆ. ಇಬ್ಬರೂ ಸೇರಿ ಅಂದೇ ಹಲಗೆ ಕಿತ್ತೆವು.

ಮುಂದಿನ ಸಲ ಬೆಟ್ಟ ಹತ್ತಿದಾಗ ಹಲಗೆ ಮತ್ತೆ ಕೂತಿತ್ತು, ಇನ್ನೂ ಉದ್ದನೆಯ ಮೊಳೆಗಳೊಂದಿಗೆ.

"ಕೆಳಗಿಳಿದ ಮೇಲೆ ಜಗಳ ಆಡೋಣ," ಅಂದ ಡೇಲ್. "ಗಾಳಿ ಇಷ್ಟು ಒಣಗಿರೋ ದಿನ ಮತ್ತೆ ಸಿಗಲ್ಲ."

ಗಾಳಿಯ ತೇವ ಅವಗೆಂಪನ್ನು ನುಂಗಿಬಿಡುತ್ತದೆ; ಒಣಗಿದ್ದರೆ ಅದರಲ್ಲಿ ಹಗಲಲ್ಲೂ ನಕ್ಷತ್ರ ಅಳೆಯಬಹುದು. ಅಂದು ಮಧ್ಯಾಹ್ನ ನಾನು ಮೇಲಿದ್ದೆ, ಅವನು ಸಾರಜನಕ ತರಲು ಕೆಳಗೆ ಹೋದ. ಗಾಳಿಗೆ ಬಾಗಿಲು ಬಡಿದು ಮುಚ್ಚಿಕೊಂಡದ್ದು ಕೇಳಿಸಿತು. ಸ್ವಲ್ಪ ಹೊತ್ತಾದರೂ ಬರಲಿಲ್ಲ. ಒಳಗಿನ ಫೋನಿನಲ್ಲಿ ಕರೆದೆ.

"ಡೇಲ್, ಆಯ್ತಾ?"

"ಇಲ್ಲಿ ಎಷ್ಟು ಹಿತವಾಗಿದೆ ಗೊತ್ತಾ, ಥೋರಾ," ಅಂದ, ನಿದ್ದೆಗಣ್ಣಿನ ಮಗುವಿನ ಹಾಗೆ. "ಬೆಚ್ಚಗಿದೆ. ನೀನೂ ಬಾ."

ಆ ಕೋಣೆಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಸಿಗ್ನೆ. ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಉಸಿರು ಬಿಗಿಹಿಡಿದು ಬಾಗಿಲು ತಳ್ಳಿ, ಕೋಟಿನ ಕಾಲರ್ ಹಿಡಿದು ಅವನನ್ನು ಹಿಮದ ಮೇಲೆ ಎಳೆದು ಹಾಕಿದೆ. ತುಟಿ ನೀಲಿಯಾಗಿತ್ತು, ಮುಖದಲ್ಲಿ ನಗು ಹಾಗೇ ಇತ್ತು. ಅವನ ಬಾಯಿಗೆ ನನ್ನ ಉಸಿರು ಊದಿದೆ, ಊದುತ್ತಲೇ ಇದ್ದೆ. ಕೊನೆಗೊಮ್ಮೆ ಕೆಮ್ಮಿದ.

ಜೀವ ಉಳಿಯಿತು. ಈಗ ಓಡಾಡುತ್ತಾನೆ, ಉಣ್ಣುತ್ತಾನೆ, ಬಾಲ್ಯದ ಕಥೆ ಹೇಳುತ್ತಾನೆ. ಈಚಿನ ವರ್ಷಗಳೇ ಅಳಿಸಿಹೋಗಿವೆ. ಮರಳಿ ಬರುವ ಭರವಸೆ ವೈದ್ಯರಿಗಿಲ್ಲ. ಮೊನ್ನೆ ಆಸ್ಪತ್ರೆಗೆ ಹೋದರೆ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. "ಕೂತ್ಕೊಳ್ಳಿ ಡಾಕ್ಟರ್. ನನ್ನ ಹೊರಗೆ ಎಳೆದವರು ನೀವಂತೆ. ಹೇಗೆ ಉಪಕಾರ ಹೇಳಬೇಕೋ ತಿಳೀತಿಲ್ಲ ನಂಗೆ," ಅಂದ. ನೀವು! ನನ್ನ ಪಿಎಚ್.ಡಿ. ಹಿಡಿದು ಡಾಕ್ಟರ್!

ಹ್ಯಾಸ್ಕೆಲ್ ಇದೆಲ್ಲ ಡೇಲ್‌ನ ಅಜಾಗ್ರತೆ ಎನ್ನುತ್ತಿದ್ದಾರೆ. ಹಲಗೆ ಇರುವ ತನಕ ನಾನು ಬೆಟ್ಟ ಹತ್ತುವುದಿಲ್ಲ ಎಂದೆ. "ಹಾಗಾದ್ರೆ ಬೇರೆಯವ್ರು ಹತ್ತುತಾರೆ ಬಿಡು," ಅಂದರು. ಹೊಸದಾಗಿ ಸೇರಿದ ಇಬ್ಬರು ನಾಳೆ ಹೊರಡುತ್ತಾರಂತೆ. ಇಬ್ಬರಿಗೂ ಫೋನು ಮಾಡಿದೆ. "ದುಃಖದಲ್ಲಿದೀರಿ, ಸ್ವಲ್ಪ ರೆಸ್ಟ್ ತಗೊಳ್ಳಿ ಮೇಡಂ," ಎಂದು ನನ್ನನ್ನೇ ಸಮಾಧಾನ ಮಾಡಿದರು. ಪಶ್ಚಿಮದಿಂದ ಹಿಮಗಾಳಿ ಬರುತ್ತಿದೆಯೆಂದು ರೇಡಿಯೊ ಹೇಳುತ್ತಿದೆ. ಅವರಿಗಿಂತ ಮೊದಲು ನಾನೇ ಹೋಗಿ ಆ ಕೋಣೆಯ ಬಾಗಿಲಲ್ಲಿ ನಿಲ್ಲುತ್ತೇನೆ. ಕೆಲಸ ಹೋದರೆ ಹೋಗಲಿ.

ಮಗುವಿಗೆ ನನ್ನ ಮುತ್ತು. ದೇವರು ನಿಮ್ಮ ಮೂವರನ್ನೂ ಕಣ್ಣಿಟ್ಟು ಕಾಯಲಿ.

ನಿನ್ನ ಅಕ್ಕ,
ಥೋರಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಅಕ್ಟೋಬರಿನಲ್ಲಿ ಡೇಲ್ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಹೂಂ ಅಂದಿದ್ದೆ. ಈಸ್ಟರ್‌ಗೆ ನಿಮ್ಮಲ್ಲಿಗೆ ಬಂದು ಎದುರಿಗೇ ಹೇಳೋಣವೆಂದು ಯಾರಿಗೂ ತಿಳಿಸಿರಲಿಲ್ಲ. ಇಬ್ಬರಿಗೇ ಗೊತ್ತಿದ್ದ ಮಾತು ಈಗ ನನಗೊಬ್ಬಳಿಗೇ ಗೊತ್ತು. ನೀನು ಅವನಿಗೆ ಕಾಗದ ಬರೆದರೆ ಇದನ್ನು ಮಾತ್ರ ಹೇಳಬೇಡ. ಮರ್ಯಾದಸ್ಥ ಅವನು, ಕೊಟ್ಟ ಮಾತು ಅಂತ ತಿಳಿದರೆ ನಡೆಸಿಕೊಟ್ಟುಬಿಡುತ್ತಾನೆ.