ಬಾಸ್ಟನ್ನಿನಲ್ಲಿ ನನ್ನ ಬೈಗುಳದ ಮಹಿಮೆ

ತಮ್ಮ ಕಾರ್ಮೈನ್,

ಮಗಳನ್ನು ನೋಡಲೆಂದು ಬಾಸ್ಟನ್ನಿಗೆ ಬಂದವನು ನಮ್ಮೂರ ತಂಡಗಳ ಬದ್ಧ ಶತ್ರುಗಳ ಕುಲದೇವರಾಗಿ ಕೂತಿದ್ದೇನೆ. ಟೀವಿ ಮುಂದೆ ಕೂತು ನಾನು ಬೈದ ದಿನವೆಲ್ಲ ಇವರ ಬಾಸ್ಕೆಟ್‌ಬಾಲ್ ತಂಡ ಗೆಲ್ಲುತ್ತಿದೆ; ಸೋಫಾದಲ್ಲಿ ಗೊರಕೆ ಹೊಡೆದ ದಿನ ಹಾಕಿ ತಂಡ. ಪ್ಲೇಆಫ್ ಎಂಬ ಕೊನೆಯ ಸುತ್ತುಗಳು ಮುಗಿಯುವ ತನಕ ಬೋಳಿಸಿದರೆ ಅಪಶಕುನವೆಂದು ಗಡ್ಡ ಬಿಟ್ಟು ಕೂತಿರುವ ಅಳಿಯ ಬ್ರೆಂಡನ್ ನನ್ನನ್ನು ಊರಿಗೇ ಬಿಡುತ್ತಿಲ್ಲ.

"ಮಾವ, ಬಾಸ್ಕೆಟ್‌ಬಾಲ್ ಇದ್ರೆ ಬಾಯ್ತುಂಬ ಬೈರಿ, ಹಾಕಿ ಇದ್ರೆ ಮಲ್ಕೊಳ್ಳಿ. ಮಿಕ್ಕಿದ್ದು ಹುಡುಗ್ರು ನೋಡ್ಕೋತಾರೆ."

ಇಂದಿನ ಬಾಸ್ಕೆಟ್‌ಬಾಲ್ ನಮ್ಮ ಫಿಲಡೆಲ್ಫಿಯಾದ ಮೇಲೆಯೇ. ಬೈದರೆ ನಮ್ಮವರು ಸೋಲುತ್ತಾರೆ. ಬಾಸ್ಟನ್ನನ್ನು ಬೈಯದೆ ಕೂರುವುದನ್ನು ನಮ್ಮೂರಿನಲ್ಲಿ ಯಾರೂ ಕಲಿಸಿಲ್ಲ. ಹೊಗಳಿ ಸೋಲಿಸೋಣವೆಂದರೆ ನಾಲಿಗೆ ಹೊರಳುತ್ತಿಲ್ಲ. ಏನು ಮಾಡಲಿ, ತಿಳಿಯದು.

ಮಂಡಿನೋವು ಇಳಿದಿದೆ, ಚಿಪ್ಪುಮೀನಿನ ಸೂಪಿನಿಂದ ಹೊಟ್ಟೆ ಏರಿದೆ. ಅಳಿಯ ನನ್ನ ಕುರ್ಚಿಯನ್ನು ಟೀವಿ ಮುಂದೆ ಎಳೆದಾಯಿತು. ನಮ್ಮವರು ಸೋತರೆ ಕೋಚನ್ನು ಬೈಯಬೇಡ. ಅಣ್ಣನಿಗೆ ಬಾಯಿ ತಡೆಯಲಾಗಲಿಲ್ಲ ಎಂದು ತಿಳಿ.

ಆಲ್ಡೊ