ನೆಲ ಮುಚ್ಚುವ ಮುನ್ನ

ಸೆಪ್ಟೆಂಬರ್ 14

ಹುಲ್ಲು ಕೊಯ್ದೆ. ಮೇಲಿನ ಸಾಲು ಮುಗಿಯಿತು. ಕೆಳಗಿನದು ಅರ್ಧ. ಅಷ್ಟರಲ್ಲಿ ಕ್ಲಚ್ ಮತ್ತೆ ಜಾರಿತು. ಟ್ರಾಕ್ಟರು ಪಾದ್ರಿ ಹೇಲ್‌ನ ಸಮಾಧಿಯ ಪಕ್ಕ ಕೆಮ್ಮಿ ಕೆಮ್ಮಿ ನಿಂತುಹೋಯಿತು. ಮೂವತ್ತೊಂದು ವರ್ಷದ್ದು. ಈ ಊರಿನ ಸ್ಮಶಾನದಲ್ಲಿ ನಾನು ತೋಡಿದ ಗುಂಡಿಗಳೆಲ್ಲ ಅದರದ್ದೇ ಕೆಲಸ. ಇಳಿದು ಒಂದು ಒದೆ ಕೊಟ್ಟೆ. ನನ್ನ ಕಾಲೇ ನೊಂದಿತು.

ವರ್ನಾ ಕಿಟಕಿಯಿಂದ ನೋಡಿದ್ದಾಳೆ. ಸ್ಮಶಾನದ ಪಕ್ಕ ಮನೆಯಿದ್ದರೆ ಇದೇ ತೊಂದರೆ, ಗುಟ್ಟು ಅನ್ನುವುದೇ ಉಳಿಯುವುದಿಲ್ಲ. ಊಟಕ್ಕೆ ಕೂತ ಕೂಡಲೇ ಶುರು.

"ಹೊಸಾದು ತಗೋ ಆಲ್ಡನ್. ಆ ಮುದುಕನ ಸೊಂಟ ಇನ್ನೆಷ್ಟು ಮುರೀತೀಯ?"

"ಯಾವ ಮುದುಕಂದು?"

"ಇಬ್ರದ್ದೂ."

ಆಗಸ್ಟ್‌ನಲ್ಲಿ ಡಾಕ್ಟರು ವರ್ನಾಳ ಕಾಯಿಲೆಗೆ ಕ್ರಿಸ್‌ಮಸ್ ಗಡುವು ಅಂದರು. ಅದಕ್ಕೆ ಮುಂಚೆಯೋ ಆಮೇಲೋ ಹೇಳಲಿಲ್ಲ. ಅವತ್ತಿನಿಂದ ಇವಳಿಗೆ ಮನೆಯಲ್ಲಿ ಹಳೆಯದನ್ನೆಲ್ಲ ಬದಲಾಯಿಸುವ ಹುಚ್ಚು. ಮೊದಲು ಕೆಟಲು, ಆಮೇಲೆ ನನ್ನ ಬೂಟು, ಈಗ ಟ್ರಾಕ್ಟರು. ತಾನಿಲ್ಲದಾಗ ಯಾವುದೂ ನನಗೆ ಕೈಕೊಡಬಾರದಂತೆ.

ಸೆಪ್ಟೆಂಬರ್ 19

ಬಂತು. ಲೂಸಿಯನ್ ತಾನೇ ಲಾರಿಯಲ್ಲಿ ಹೇರಿಕೊಂಡು ಬಂದ. ಇಪ್ಪತ್ತು ವರ್ಷದಿಂದ ಟ್ರಾಕ್ಟರು ಮಾರುವವನು, ಈಗಲೂ ಕರುವಿನ ಮೈ ಸವರಿದಂತೆ ಸವರುತ್ತಾನೆ. ಚಿಕ್ಕದು. ಎರಡು ಸಮಾಧಿಗಳ ನಡುವೆ ಕಲ್ಲಿಗೆ ತಾಗದೆ ತಿರುಗುತ್ತದೆ. ಹೊಟ್ಟೆಯ ಕೆಳಗೆ ಹುಲ್ಲು ಕೊಯ್ಯುವುದು, ಮುಂದೆ ಬಕೆಟ್, ಚಳಿಗಾಲಕ್ಕೆ ಹಿಂದೆ ಸಿಕ್ಕಿಸುವ ಹಿಮ ತೂರುವ ಯಂತ್ರ... ಎಲ್ಲ ಇದೆ. ಒಂದೇ ಇಲ್ಲ. ತೋಳು. ಹಿಂದೆ ಕೂರಿಸಿಕೊಂಡು ನೆಲ ಅಗೆಯುವ ತೋಳು. ಅದು ನಾಲ್ಕು ವಾರ ತಡವಂತೆ.

"ಹಳೇ ತೋಳನ್ನೇ ಇದಕ್ಕೆ ಸಿಕ್ಕಿಸಿದ್ರೆ?" ಕೇಳಿದೆ.

"ಕತ್ತೆಗೆ ಎತ್ತಿನ ನೊಗ ಕಟ್ತೀಯೇನಯ್ಯ? ಕೂರಲ್ಲ."

ಹಳೆಯ ಟ್ರಾಕ್ಟರು ತೋಳಿನ ಸಮೇತ ಅವನ ಲಾರಿ ಏರಿತು. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ. ಅವನೂ ಇದೇ ಕೆಲಸ ಮಾಡಿದವನು. ಹೊಸದು ಒಂದು ಗುಂಡಿ ತೋಡಿ ತೋರಿಸುವ ತನಕ ಹಳೆಯದನ್ನು ಕೊಡಬಾರದು ಅನ್ನುವುದು ಅವನ ಮಾತು. ನೆನಪಿತ್ತು. ಆದರೂ ಕೊಟ್ಟೆ. ವರ್ನಾ ಮಲಗುವ ಅಂಗಿಯ ಮೇಲೆ ನನ್ನ ಕೋಟು ಹಾಕಿಕೊಂಡು ಬಂದು ಸೀಟಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದಳು. ಅವಳನ್ನು ನೋಡುವುದರಲ್ಲಿ ಉಳಿದದ್ದೆಲ್ಲ ಮರೆತೆ.

ಸೆಪ್ಟೆಂಬರ್ 27

ಇವತ್ತು ಹೇಳಿದಳು. ಸೇಬು ಹೆಚ್ಚುತ್ತಾ, ತಲೆ ಎತ್ತದೆ.

"ತೋಳು ಬಂದ ತಕ್ಷಣ ನಂದು ತೋಡಿಬಿಡು. ನೆಲ ಮುಚ್ಚೋಕೆ ಮುಂಚೆ."

ಅವಳು ಹೊಸದೇನೂ ಹೇಳಲಿಲ್ಲ. ಇಲ್ಲಿ ನವೆಂಬರಿನಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಾದರೆ, ನೆಲ ಮುಚ್ಚುವುದು ಅಂದರೆ ಅದೇ, ಮತ್ತೆ ಬಿಡುವುದು ಮೇ ತಿಂಗಳಿಗೆ. ನಡುವೆ ಸತ್ತವರು ಗೇಟಿನ ಬಳಿಯ ಕಲ್ಲುಕೋಣೆಯಲ್ಲಿ ಕಾಯುತ್ತಾರೆ. ಚಳಿಗಾಲ ದಾಟುವುದಿಲ್ಲ ಎಂದು ಗೊತ್ತಿದ್ದವರಿಗೆ ಅಕ್ಟೋಬರಿನಲ್ಲೇ ತೋಡಿಟ್ಟು, ಹಲಗೆ ಮುಚ್ಚಿ, ಮೇಲೆ ಒಣಹುಲ್ಲು ಹೊದಿಸುವುದು ವಾಡಿಕೆ. ನಾನೇ ಹಾಗೆ ಹನ್ನೊಂದು ತೋಡಿದ್ದೇನೆ. ಪರ್ಲಿ ಮುದುಕಿಗೆ ತೋಡಿಟ್ಟರೆ ಅವಳು ಮತ್ತೆ ಮೂರು ವರ್ಷ ಬದುಕಿದಳು. ಪ್ರತಿ ಬೇಸಿಗೆ ಬಂದು, ನನ್ನ ಗುಂಡಿಯಲ್ಲಿ ಕಪ್ಪೆ ಸೇರಿಕೊಂಡಿದೆ ಎಂದು ಜಗಳ ಬೇರೆ.

ಆದರೆ ಅವಳು ಪರ್ಲಿ ಮುದುಕಿ. ಇವಳು ವರ್ನಾ.

"ಈಗಲೇ ಯಾಕೆ ಆ ಮಾತು?" ಅಂದೆ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಲ್ವಾ? ಇದೂ ಹಂಗೇ ಅಂದ್ಕೋ. ನಮ್ಮಮ್ಮಂಗೆ ಏನಾಯ್ತು ನೋಡಿದೀಯಲ್ಲ. ಜನವರೀಲಿ ಒಂದ್ಸಲ ಅತ್ವಿ, ಮೇನಲ್ಲಿ ಇನ್ನೊಂದ್ಸಲ. ಎರಡನೇ ಸಲ ಬಂದಿದ್ದು ನಾಲ್ಕು ಜನ. ಉಳಿದೋರು ಆಲೂಗಡ್ಡೆ ನೆಡ್ತಿದ್ರು."

ಆಮೇಲೆ ಚಾಕು ಕೆಳಗಿಟ್ಟಳು. "ನನಗೋಸ್ಕರ ಅಲ್ಲ ಕಣೋ. ನಾನು ಆ ಕೋಣೇಲಿದ್ರೆ ನೀನು ಚಳಿಗಾಲ ಪೂರ್ತಿ ಅದರ ಬಾಗಿಲು ಕಾಯ್ತೀಯ. ನಿನ್ನ ನಂಗೆ ಗೊತ್ತಿಲ್ವಾ?"

ಆಗಲಿ ಅಂದೆ. ಮಾತು ಕೊಟ್ಟೆ.

ಅಕ್ಟೋಬರ್ 6

ಕಾಡೆಲ್ಲ ಕೆಂಪು. ಎಲೆ ನೋಡಲು ಬಂದ ಪಟ್ಟಣದವರು ಸ್ಮಶಾನದ ಬೇಲಿ ಹಾರಿ ಫೋಟೋ ತೆಗೆಯುತ್ತಾರೆ. ಓಡಿಸಿದೆ. ದೊಡ್ಡ ಮೇಪಲ್ ಮರದ ಬಳಿ ಜಾಗ ಅಳೆದು ಗೂಟ ಹೊಡೆದೆ. ಕೆಂಪು ರಿಬ್ಬನ್ ಕಟ್ಟಿದೆ. ಅವಳ ಹೊಲಿಗೆ ಡಬ್ಬಿಯದೇ. ಕಿಟಕಿಯಿಂದ ಕೈಬೀಸಿ ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ ಅಂದಳು. ಮನೆಗೆ ಸೋಫಾ ತಂದ ದಿನವೂ ಹೀಗೇ ಮಾಡಿದ್ದಳು.

ಅಕ್ಟೋಬರ್ 20, ಬೆಳಿಗ್ಗೆ 9

ಲೂಸಿಯನ್ ಫೋನ್. ತೋಳು ಬಂದಿದೆ.

"ನಾಳೆ ತಂದು ಕೂರಿಸ್ಲಾ?"

"ಅವಸರ ಇಲ್ಲ," ಅಂದೆ.

"ಅವಸರ ಇಲ್ವಾ? ಹೋದ ವಾರ ನನ್ನ ಪ್ರಾಣ ತಿಂದೆ!"

"ನಾನೇ ಹೇಳ್ತೀನಿ ಬಿಡು."

ಒಳಗಿನಿಂದ ವರ್ನಾ, ಯಾರದು ಅಂದಳು. ನೆರೆಯ ಹೊಲ್ಲಿಸ್ ಫೋನ್, ಸೌದೆ ವಿಷಯ ಅಂದೆ. ಬಾಯಿಗೆ ತಾನಾಗಿ ಬಂತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇವಳಿಗೆ ಸುಳ್ಳು ಹೇಳಿದ್ದು ಬೆರಳೆಣಿಕೆಯಷ್ಟು, ಅದೂ ಮೀನು ಹಿಡಿದ ಲೆಕ್ಕದಲ್ಲಿ.

ಅದೇ ದಿನ, ಸಂಜೆ

ಯಾಕೆ ಹಾಗಂದೆ ಎಂದು ಯೋಚಿಸಿದೆ. ಗೊತ್ತಿದೆ. ಗುಂಡಿ ತೋಡಿದ ಮೇಲೆ ಅದಕ್ಕೆ ಒಬ್ಬರು ಬೇಕು.

ಅಕ್ಟೋಬರ್ 29

ಇವತ್ತು ಎರಡು ಬಟ್ಟಲು ಕುಂಬಳಕಾಯಿ ಸೂಪ್ ಕುಡಿದಳು. ಮೆಟ್ಟಿಲ ತನಕ ನಡೆದಳು. ಡಾಕ್ಟರುಗಳಿಗೆ ಎಲ್ಲ ಗೊತ್ತೇ? ಪರ್ಲಿ ಮುದುಕಿ ಮೂರು ವರ್ಷ ಬದುಕಲಿಲ್ಲವೇ?

ಮಧ್ಯಾಹ್ನ ಹೊಲ್ಲಿಸ್ ಬಂದ. ರಸ್ತೆಯಾಚೆಯ ಮನೆಯವನು, ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಗೂಟ ನೋಡಿದ, ನನ್ನನ್ನು ನೋಡಿದ.

"ತೋಳು ಬರೋದು ಬರ್ಲಿ. ನಾನೂ ನನ್ನ ತಮ್ಮನೂ ಸಲಿಕೇಲೇ ತೋಡ್ತೀವಿ. ಶನಿವಾರ ಮುಗಿಸಿಬಿಡೋಣ."

"ನನ್ನ ಹೆಂಡ್ತಿದು ನಾನೇ ತೋಡ್ತೀನಿ."

"ತೋಡು ಮಾರಾಯ, ಬೇಡ ಅಂದೋರ್ಯಾರು? ಆದ್ರೆ ತೋಡು. ನವೆಂಬರಲ್ಲಿ ಬೇಟೆ ಸೀಸನ್ ಶುರುವಾಗೋ ಹೊತ್ತಿಗೆ ನೆಲ ಮುಚ್ಚತ್ತೆ, ನಿಂಗೇ ಹೇಳ್ಬೇಕಾ?"

ಅವನ ಮೇಲೆ ರೇಗಿದೆ. ಕಾಫಿ ಮುಗಿಸದೆ ಎದ್ದು ಹೋದ.

ನವೆಂಬರ್ 3

"ಲೂಸಿಯನ್ ಏನಾದ್ರೂ ಹೇಳಿದ್ನಾ?" ವರ್ನಾ ಕೇಳಿದಳು.

"ಇಲ್ಲ."

ನವೆಂಬರ್ 8

ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ, ಹೆಪ್ಪುಗಟ್ಟಿದ ಇಬ್ಬನಿ. ಕಬ್ಬಿಣದ ಸಲಾಕೆ ಚುಚ್ಚಿ ನೋಡಿದೆ. ಮೇಲೆ ರೊಟ್ಟಿಯಷ್ಟು ದಪ್ಪಕ್ಕೆ ಗಟ್ಟಿ, ಕೆಳಗೆ ಮೆತ್ತಗೆ. ಇನ್ನೂ ಆಗುತ್ತದೆ. ನಾಳೆ ಫೋನ್ ಮಾಡಬೇಕು.

ವರ್ನಾ ಮತ್ತೆ ಕೇಳಿದಳು. "ತೋಳು ಇನ್ನೂ ಬಂದಿಲ್ವಾ ಆಲ್ಡನ್?"

"ಇನ್ನೂ ಇಲ್ಲ."

ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಸರಿ ಬಿಡು, ತಲೆ ಬಾಚು ಬಾ" ಅಂದಳು. ಬಾಚಿದೆ. ಕೂದಲು ತುಂಬಾ ಕಡಿಮೆಯಾಗಿದೆ.

ನವೆಂಬರ್ 9

ಫೋನ್ ಮಾಡಲಿಲ್ಲ.

ನವೆಂಬರ್ 15

ಕೇಳಿದಳು. ಇಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ನೆಲವೂ ನೆಟ್ಟಗಿತ್ತು.

ನವೆಂಬರ್ 22

ಮೂರು ದಿನ ನೀರೆಲ್ಲ ಕಲ್ಲಾಗುವ ಚಳಿ. ನಿನ್ನೆಯಿಂದ ಅವಳು ಹಾಸಿಗೆ ಬಿಟ್ಟು ಎದ್ದಿಲ್ಲ. ಬೆಳಕು ಹರಿಯುವ ಮುಂಚೆ ಸಲಾಕೆ ತೆಗೆದುಕೊಂಡು ಹೋದೆ. ಟಣ್ ಅಂತು. ಸುತ್ತಿಗೆಯಿಂದ ಹೊಡೆದೆ. ಟಣ್. ಓಡಿಬಂದು ಲೂಸಿಯನ್‌ಗೆ ಫೋನ್ ಮಾಡಿದೆ. ಪಾಪ, ಭಾನುವಾರ ಚರ್ಚು ಬಿಟ್ಟು ತಂದ. ಅರ್ಧ ಗಂಟೆಯಲ್ಲಿ ಕೂರಿಸಿದ. ಚೆನ್ನಾಗಿದೆ ತೋಳು. ಮೀನು ತಿರುಗಿದಷ್ಟು ಸಲೀಸು.

ಎರಡು ತಾಸು ಕೆರೆದೆ. ತೋಳಿನ ಹಲ್ಲು ಜಾರುತ್ತದೆ, ಟ್ರಾಕ್ಟರೇ ಹಿಂದಕ್ಕೆ ಎದ್ದು ನಿಲ್ಲುತ್ತದೆ. ಅಂಗೈ ಆಳದ ಗೀರು ಬಿತ್ತು, ಅಷ್ಟೇ. ಹಳೆಯದಕ್ಕೆ ಇದರ ಎರಡರಷ್ಟು ಭಾರವಿತ್ತು, ಅದು ಇದ್ದಿದ್ದರೆ... ಇಲ್ಲ, ತಪ್ಪನ್ನು ಯಂತ್ರದ ಮೇಲೆ ಹಾಕುವುದಿಲ್ಲ. ಹೊಲ್ಲಿಸ್ ಬಂದ. ಮೇಲೆ ಇದ್ದಿಲು ಉರಿಸಿ ಮೆತ್ತಗೆ ಮಾಡೋಣವೇ ಅಂದ. ಪಕ್ಕದಲ್ಲೇ ಮೇಪಲ್‌ನ ಬೇರು. ಅವಳು ಆ ಮರಕ್ಕಾಗಿಯೇ ಆ ಜಾಗ ಕೇಳಿದ್ದು. ಬೇಡ ಅಂದೆ.

ಬೆಂಕಿ ಬಿದ್ದಾಗ ಬಾವಿ ತೋಡಿದ ಮೂರ್ಖನ ಕತೆ ಕೇಳಿ ಚಿಕ್ಕಂದಿನಲ್ಲಿ ನಕ್ಕಿದ್ದೆ.

ಒಳಗೆ ಹೋದೆ. ಸದ್ದು ಕೇಳಿಸಿರಬೇಕು.

"ಬಂತಾ?"

"ಬಂತು. ನೆಲ ಮುಚ್ಚಿದೆ ವರ್ನಾ."

"ಕೈ ಮಂಜುಗಡ್ಡೆ ಆಗಿದೆಯಲ್ಲೋ," ಅಂದಳು. ತನ್ನ ಹೊದಿಕೆಯೊಳಗೆ ಎಳೆದುಕೊಂಡಳು.

ಡಿಸೆಂಬರ್ 25

ಡಾಕ್ಟರು ಹೇಳಿದ ದಿನ. ಇದ್ದಾಳೆ. ಗೆದ್ದೆವು ಎಂದು ಕಿವಿಯಲ್ಲಿ ಹೇಳಿದೆ. ಕಣ್ಣು ತೆರೆಯದೆ ನಕ್ಕಳು.

ಜನವರಿ 11

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ.

ಜನವರಿ 15

ಚರ್ಚು ತುಂಬಿತ್ತು. ಅಲ್ಲಿಂದ ಕಲ್ಲುಕೋಣೆಗೆ. ದಾರಿ ನಾನೇ ಬಿಡಿಸಿದ್ದೆ, ಬೆಳಿಗ್ಗೆಯೇ ಎದ್ದು. ಹಿಮ ತೂರುವ ಯಂತ್ರ ಹಿಂದೆ ಇರುವುದರಿಂದ ಕತ್ತು ತಿರುಗಿಸಿ ಹಿಂದಕ್ಕೇ ನೋಡುತ್ತಾ ನಡೆಸಬೇಕು. ಕತ್ತು ಈಗಲೂ ನೋಯುತ್ತಿದೆ. ಒಳಗೆ ಆಗಲೇ ಇಬ್ಬರಿದ್ದರು. ಇವಳು ಮೂರನೆಯವಳು. ಕೆಳಗಿನ ಸಾಲು, ಎಡಗಡೆ. ಬೀಗ ಹಾಕಿ ಕೀಲಿಯನ್ನು ಎಂದಿನಂತೆ ನನ್ನ ಜೇಬಿಗೇ ಹಾಕಿಕೊಂಡೆ.

ಫೆಬ್ರವರಿ 3

ಮೊಣಕಾಲುದ್ದ ಹಿಮ. ಕಲ್ಲುಕೋಣೆಯ ತನಕ ಬಿಡಿಸಿದೆ.

ಫೆಬ್ರವರಿ 4

ಮತ್ತೆ ಬಿತ್ತು. ಬಿಡಿಸಿದೆ.

ಫೆಬ್ರವರಿ 19

ಹೊಲ್ಲಿಸ್ ಗೇಟಿನಲ್ಲಿ ನಿಂತು ಕೂಗಿದ. "ಈ ವಾರ ಯಾರೂ ಸತ್ತಿಲ್ವಲ್ಲೋ. ಯಾರಿಗೆ ದಾರಿ ಮಾಡ್ತಿದೀಯ?"

ಇಂಜಿನ್ ಸದ್ದಿನಲ್ಲಿ ಕೇಳಿಸದವನಂತೆ ಇದ್ದೆ. ಬಾಗಿಲಿನ ಮುಂದೆ ಅರ್ಧ ತಾಸು ನಿಲ್ಲುತ್ತೇನೆ. ಕೀಲಿ ಇದೆ, ತೆಗೆಯುವುದಿಲ್ಲ. ಅವಳು ಹೇಳಿದ್ದಕ್ಕಿಂತ ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ನಡೆಯುತ್ತಿದೆ.

ಏಪ್ರಿಲ್ 27

ಎರಡು ತಿಂಗಳು ಬರೆದಿಲ್ಲ. ಬರೆಯಲು ಏನಿತ್ತು?

ಟ್ರಾಕ್ಟರಿನ ಮೊದಲ ಸರ್ವಿಸ್. ಲೂಸಿಯನ್ ಬಂದು ಎಣ್ಣೆ ಬದಲಾಯಿಸಿದ. ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದ. ಟೋಪಿ ಮೊಣಕಾಲ ಮೇಲಿಟ್ಟುಕೊಂಡು ತಿರುಗಿಸುತ್ತಲೇ ಇದ್ದ.

"ಒಂದು ಮಾತು ಹೊಟ್ಟೇಲಿಟ್ಕೊಂಡು ಸಾಕಾಗಿದೆ ಆಲ್ಡನ್. ಹ್ಯಾಲೋವೀನ್ ಆದ ಮಾರನೇ ದಿನ, ನವೆಂಬರ್ ಒಂದಕ್ಕೆ, ವರ್ನಾ ಫೋನ್ ಮಾಡಿದ್ಲು. ತೋಳು ಬಂತಾ ಅಂತ ಕೇಳಿದ್ಲು."

"ನೀನೇನಂದೆ?"

"ಇದ್ದದ್ದನ್ನೇ ಹೇಳ್ದೆ. ಇಪ್ಪತ್ತನೇ ತಾರೀಖೇ ಬಂದಿದೆ, ಇವನೇ ಅವಸರ ಇಲ್ಲ ಅಂದ, ಈಗಲೇ ತಂದುಬಿಡ್ತೀನಿ ಅಂದೆ. ಬೇಡ ಅಂದ್ಲು. ಅವನಾಗೇ ಕೇಳ್ಲಿ ಲೂಸಿಯನ್, ನೀನು ತಂದು ನಿಲ್ಲಿಸಿದ್ರೆ ಅವನಿಗೆ ತಡ್ಕೊಳೋಕಾಗಲ್ಲ, ನಾನು ಕೇಳ್ದೆ ಅಂತ ಹೇಳ್ಬೇಡ ಅಂದ್ಲು."

ಅವನು ಹೋದ ಮೇಲೆ ಈ ಪುಸ್ತಕವನ್ನೇ ಹಿಂದಕ್ಕೆ ತಿರುವಿದೆ. ನವೆಂಬರ್ 3. ನವೆಂಬರ್ 8. ನವೆಂಬರ್ 15. ಮೂರು ಸಲವೂ ಗೊತ್ತಿದ್ದೇ ಕೇಳಿದ್ದಾಳೆ. ಮೂರು ಸಲವೂ ಇಲ್ಲ ಅಂದಿದ್ದೇನೆ. ಬಾಯಿಬಿಟ್ಟು ಹೇಳಲಿ ಎಂದು ಕಾದಳು. ನಾನು ತಲೆ ಬಾಚಿದೆ.

ಸೌದೆ ಒಲೆಯ ಮುಂದೆ ಕೂತು ಜೋರಾಗಿ ಅತ್ತೆ. ಚರ್ಚಿನಲ್ಲೂ ಹಾಗೆ ಅತ್ತಿರಲಿಲ್ಲ.

ಮೇ 6

ಸಲಾಕೆ ನೆಲಕ್ಕೆ ಇಳಿಯಿತು. ಐದು ಗುಂಡಿ ತೋಡಬೇಕು. ಕೋಣೆಗೆ ಬಂದ ಸರದಿಯಲ್ಲೇ ತೋಡುವುದು ಇಲ್ಲಿಯ ಕ್ರಮ, ನನ್ನ ಹೆಂಡತಿಗೆಂದು ಮುರಿಯುವಂತಿಲ್ಲ. ಇವತ್ತು ಎರಡಾಯಿತು. ಮಧ್ಯಾಹ್ನ ಹೊಲ್ಲಿಸ್ ಬಂದು ಬೇಲಿಗೆ ಒರಗಿದ.

"ಶನಿವಾರ ವರ್ನಾನ ಮಣ್ಣಿಗೆ ನಾನು ಬರ್ತೀನಿ. ತಮ್ಮನ್ನೂ ಎಳ್ಕೊಂಡು ಬರ್ತೀನಿ. ಆಲೂಗಡ್ಡೆ ಹಾಳಾಗಿಹೋಗ್ಲಿ."

ನನ್ನ ಸೇರಿಸಿ ಮೂರು ಜನ. ಅವಳಮ್ಮನಿಗೆ ಬಂದವರಿಗಿಂತ ಒಬ್ಬರು ಕಡಿಮೆ.

ಮೇ 7

ಗೂಟ ಹಾಗೇ ಇದೆ. ರಿಬ್ಬನ್ ಬಿಳಿಚಿದೆ. ಮೇಪಲ್ ಚಿಗುರು ಬಿಟ್ಟಿದೆ. ನವೆಂಬರಿನ ಗೀರಿನಲ್ಲಿ ನೀರು ನಿಂತಿತ್ತು.

ಟ್ರಾಕ್ಟರು ಮೊದಲ ಸಲಕ್ಕೇ ಶುರುವಾಯಿತು. ಎಲ್ಲೂ ಕೈಕೊಡಲಿಲ್ಲ. ಅವಳು ಬಯಸಿದ್ದು ಅದನ್ನೇ. ಅದರ ಆನಿಕೆ ಕಾಲುಗಳನ್ನು ಊರಿ ತೋಳು ಇಳಿಸಿದೆ. ಮಣ್ಣು ಬೆಣ್ಣೆಯಂತೆ ಬಂತು, ಕಪ್ಪಗೆ, ಒಂದು ಕಲ್ಲೂ ಸಿಗದೆ. ಮೂಲೆಗಳನ್ನು ಸಲಿಕೆಯಿಂದ ನೆಟ್ಟಗೆ ಮಾಡಿದೆ. ಒಂದು ಬೇರೂ ಕಡಿಯಲಿಲ್ಲ. ಕೆಳಗೆ ಇಳಿದು ನಿಂತು ನೋಡಿದೆ, ಅಲ್ಲಿಂದ ನಮ್ಮ ಕಿಟಕಿ ಕಾಣಿಸುವುದಿಲ್ಲ.

ಮೇಲೆ ಹತ್ತಿ ಗಡಿಯಾರ ನೋಡಿದೆ. ಹಳೆಯದಕ್ಕೆ ಮೂರು ತಾಸು ಬೇಕಿತ್ತು. ನಲವತ್ತು ನಿಮಿಷ, ವರ್ನಾ. ಇಷ್ಟೇ ಕೆಲಸ. ಲೂಸಿಯನ್ ತೋಳು ತರುತ್ತೇನೆಂದ ಅಕ್ಟೋಬರ್ ಇಪ್ಪತ್ತೊಂದರ ಬೆಳಿಗ್ಗೆ, ನೀನಿನ್ನೂ ಕಿಟಕಿಯಲ್ಲಿ ಕೂತು ಇನ್ನೂ ಎಡಕ್ಕೆ ಅನ್ನಬಲ್ಲವಳಾಗಿದ್ದಾಗ, ನಲವತ್ತು ನಿಮಿಷ ನಾನು ನಿನಗೆ ಕೊಡಲಿಲ್ಲ.